ಒಂದೇ ಕಲ್ಲಿಗೆ ಇಬ್ಬರು

ಕಲೆ ಮಕ್ಕಳನ್ನು ಕೆಟ್ಟ ದಾರಿಯಿಂದ ಪಾರು ಮಾಡುತ್ತದೆ ಎಂದು ಯಾರಾದರೂ ವೇದಿಕೆಯಲ್ಲಿ ನಿಂತು ಹೇಳಿದರೆ ನನಗೆ ಮೊದಲು ಬರುವುದು ಸಂಶಯ. ನಾನು ಪಾಠ ಮಾಡುವ ಶಾಲೆಯಲ್ಲೂ ವರ್ಷಕ್ಕೊಮ್ಮೆ ಇಂಥ ಕಾರ್ಯಕ್ರಮ ಆಗುತ್ತದೆ. ಹುಡುಗರು ಹೊಡೆದಾಟಕ್ಕೆ, ಅಮಲಿಗೆ ಬೀಳಬಾರದೆಂದಿದ್ದರೆ ಅವರ ಕೈಗೊಂದು ವಾದ್ಯ ಕೊಡಿ ಎಂದು ಹೊರಗಿನಿಂದ ಬಂದವರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟುತ್ತೇನೆ, ಆದರೆ ಕಣ್ಣು ಮಾತ್ರ ಹಿಂದಿನ ಬೆಂಚಿನ ಮೇಲಿರುತ್ತದೆ. ಯಾರು ಯಾರ ಪಕ್ಕ ಕೂತಿದ್ದಾರೆ, ನಿನ್ನೆ ಜೊತೆಗಿದ್ದವರು ಇವತ್ತು ಯಾಕೆ ದೂರ ಕೂತಿದ್ದಾರೆ ಎಂದು ನೋಡುತ್ತೇನೆ. ಬೆನ್ನ ಹಿಂದೆ ನನ್ನನ್ನು ಪೊಲೀಸ್ ಟೀಚರ್ ಎಂದು ಕರೆಯುತ್ತಾರೆ, ಗೊತ್ತು. ಬೇಸರವಿಲ್ಲ. ಈ ಬುದ್ಧಿ ನನಗೆ ಅಮ್ಮನಿಂದ ಬಂದದ್ದು. ಬಂದ ಜಾಗ ಉಪ್ಪಳದ ನಮ್ಮ ಮನೆಯ ಜಗಲಿ.

ಆ ಮನೆ ಹೆದ್ದಾರಿಗೂ ರೈಲು ಹಳಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಇತ್ತು. ಗೂಡ್ಸ್ ಗಾಡಿ ಹೋದರೆ ಅಡಿಗೆಮನೆಯ ಪಾತ್ರೆಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸುತ್ತಲೂ ಗಲ್ಫಿನ ದುಡ್ಡಿನಲ್ಲಿ ಎದ್ದ ಮಹಡಿ ಮನೆಗಳು, ನಡುವೆ ನಮ್ಮದು ತಗ್ಗಿದ ಹಂಚಿನ ಮಾಡು. ಮುಂದೆ ಜಗಲಿ, ಒಳಗೆ ಚಾವಡಿ, ಹಗಲಲ್ಲೂ ಲೈಟು ಹಾಕಬೇಕಾದ ಒಂದು ಕೋಣೆ, ಹಿಂದೆ ಅಡಿಗೆಮನೆ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಅವಳು ಕೂರುವ ಜಾಗದಿಂದ ಗೇಟು ಕಾಣುತ್ತಿತ್ತು, ಗೇಟಿನಾಚೆಯ ರಸ್ತೆ ಕಾಣುತ್ತಿತ್ತು, ರಸ್ತೆ ತಿರುಗುವಲ್ಲಿ ಬಸ್ಸು ಕಾಯುವ ಕಟ್ಟೆಯೂ ಅರ್ಧ ಕಾಣುತ್ತಿತ್ತು. ಕತ್ತರಿಸುವ ಮೊದಲು ಪ್ರತಿ ಎಲೆಯನ್ನೂ ಬೆಳಕಿಗೆ ಹಿಡಿದು ತೂತು ಉಂಟಾ ಎಂದು ನೋಡುವುದು ಅವಳ ಅಭ್ಯಾಸ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕುಂದು ಹುಡುಕುವವರು ಹುಡುಕುವ ಮೊದಲು ತಾನೇ ಹುಡುಕಿಬಿಡಬೇಕು. ಮನುಷ್ಯರನ್ನೂ ಅವಳು ಹೀಗೆಯೇ ನೋಡುತ್ತಿದ್ದಳು. ಮದುವೆಗೆ ಕರೆಯಲು ಬಂದವರು ಗೇಟು ದಾಟಿದ್ದೇ ತಡ, ಇವ ನಿಜವಾಗಿ ಎಂತಕ್ಕೆ ಬಂದದ್ದು ಎಂದು ಕೇಳುವಳು. ಮೀನಿನವನು ಇವತ್ತಿನದ್ದು ಎಂದರೆ ಕಿವಿರು ಎತ್ತಿ ನೋಡುವಳು. ನನ್ನನ್ನು ಅಂಗಡಿಗೆ ಕಳಿಸಿದರೆ ಬಂದ ಮೇಲೆ ಬಾಯಿ ಮೂಸಿ, ಮಿಠಾಯಿ ತಿಂದಿಲ್ಲವೆಂದು ಖಾತ್ರಿಯಾದ ನಂತರವೇ ಚೀಲ ಕೆಳಗಿಡಲು ಬಿಡುತ್ತಿದ್ದಳು.

ಅಪ್ಪ ಇದಕ್ಕೆ ಪೂರ್ತಿ ಉಲ್ಟಾ. ಹಗಲು ಮನೆಗಳಿಗೆ ವಯರಿಂಗ್ ಮಾಡುತ್ತಿದ್ದರು, ಯಕ್ಷಗಾನ ಆಟದ ಕಾಲದಲ್ಲಿ ಚೆಂಡೆ ನುಡಿಸಲು ಹೋಗುತ್ತಿದ್ದರು. ಐತಪ್ಪಣ್ಣ ಎಂದು ಕರೆದವರಿಗೆಲ್ಲ ಏಣಿ, ಡ್ರಿಲ್ಲು, ಕೊಡೆ, ಏನು ಕೇಳಿದರೂ ಕೊಟ್ಟುಬಿಡುತ್ತಿದ್ದರು. ನಮ್ಮ ಮನೆಯ ಜಗಳಗಳೆಲ್ಲ ಅನ್ನದ ಹೊತ್ತಿಗೆ, ಹೋಗಿ ಬಾರದ ವಸ್ತುಗಳ ಕುರಿತೇ ಆಗುತ್ತಿದ್ದವು. ಜಗಳ ಎಷ್ಟು ದೊಡ್ಡದು ಎನ್ನುವುದು ಅಮ್ಮ ಸೌಟು ಇಡುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತ, ಎಡಗೈ ಬೆರಳಲ್ಲಿ ಮಣೆಯ ಅಂಚಿಗೆ ಯಾವುದೋ ತಾಳ ಹಾಕುತ್ತಿದ್ದರು. ಅದು ಅಮ್ಮನನ್ನು ಇನ್ನಷ್ಟು ಕೆರಳಿಸುತ್ತಿತ್ತು. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಜಗಳ ಹೆಚ್ಚು ಬಿಸಿಯಾದಾಗ ಮಾತ್ರ ಅಮ್ಮ ಕನ್ನಡಕ್ಕೆ ಬರುತ್ತಿದ್ದಳು, ಶಾಲೆಯ ಟೀಚರುಗಳ ಹಾಗೆ.

ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅಣ್ಣ ಹರೀಶ ಪ್ಲಸ್ ಟು ಓದುತ್ತಿದ್ದ. ಓದುತ್ತಿದ್ದ ಎನ್ನುವುದು ಅವನ ಮಾತು. ಸಂಜೆಯಾದರೆ ಅವನು ಬಸ್ಸಿನ ಕಟ್ಟೆಯಲ್ಲಿ. ಆ ಕಟ್ಟೆಯನ್ನು ಕಟ್ಟಿಸಿದ್ದು ರೈಲು ಗೇಟಿನ ಈಚೆಯ ಕ್ಲಬ್ಬಿನವರು, ಅಂದರೆ ಅಣ್ಣನ ಕ್ಲಬ್ಬು. ಒಂದು ಮಳೆಗಾಲ ಬಣ್ಣ ಹೋಯಿತೆಂದು ಆಚೆಯ ಕ್ಲಬ್ಬಿನವರು ಬಣ್ಣ ಹೊಡೆದು ತಮ್ಮ ಹೆಸರು ಬರೆದರು. ಕಟ್ಟಿದವರದ್ದೋ ಬಣ್ಣ ಹೊಡೆದವರದ್ದೋ ಎಂಬಲ್ಲಿಗೆ ಮಾತು ಬಂತು. ಎರಡೂ ಕಡೆಯವರು ಹೋಗುವುದು ಒಂದೇ ದೇವಸ್ಥಾನಕ್ಕೆ, ಏರುವುದು ಒಂದೇ ಬಸ್ಸು, ಪೆಟ್ಟು ತಿಂದದ್ದು ಒಂದೇ ಮಾಷ್ಟ್ರ ಕೈಯಿಂದ. ಆದರೂ ಹೆಸರು ಅಳಿಸುವುದು, ಬರೆಯುವುದು, ಮತ್ತೆ ಅಳಿಸುವುದು ನಡೆದು, ಒಂದು ಸಂಜೆ ಅಣ್ಣನ ಗೆಳೆಯ ಉದಯನ ತೊಡೆಗೆ ಚೂರಿ ಬಿತ್ತು. ಹಾಕಿದವನು ಆಚೆ ಕಡೆಯ ಪ್ರವೀಣನ ಅಣ್ಣ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಆ ದಿನವೇ ಊರು ಬಿಟ್ಟ. ಅಣ್ಣ ಮನೆಗೆ ಬಂದಾಗ ಅಂಗಿಯ ತುಂಬ ಉದಯನ ರಕ್ತ. ಅಮ್ಮ ಬಾವಿಕಟ್ಟೆಯಲ್ಲೇ ಅವನ ಅಂಗಿ ಕಿತ್ತು, ಬೆನ್ನು, ಹೊಟ್ಟೆ, ಕಂಕುಳು ಎಲ್ಲ ತಡವಿ ನೋಡಿ, ಗಾಯ ಅವನದ್ದಲ್ಲ ಎಂದು ತಿಳಿದ ಮೇಲೆ ಎರಡು ಕೆನ್ನೆಗೂ ಬಾರಿಸಿದಳು. ಆಮೇಲೆ ಅವನ ತಲೆಗೆ ನೀರು ಹೊಯ್ಯುತ್ತ ಅತ್ತಳು. ಅಪ್ಪ ಆ ದಿನ ಊಟ ಮಾಡಲಿಲ್ಲ.

ಒಂದು ವಾರ ಕಳೆದ ಮೇಲೆ ಅಪ್ಪ ಎಲ್ಲಿಂದಲೋ ಹುಣಸೆಯ ಗೆಲ್ಲು ತಂದು ಆಚಾರಿಯ ಕೈಯಲ್ಲಿ ಗಿಡ್ಡ, ದಪ್ಪ ಕೋಲುಗಳನ್ನು ಮಾಡಿಸಿದರು. ಹೊಳೆಯ ಬದಿಯಿಂದ ಚಪ್ಪಟೆ ಕಲ್ಲುಗಳು ಆಟೋದಲ್ಲಿ ಬಂದವು. ಚೆಂಡೆ ಕಲಿಯುವವರು ಮೊದಲು ಚೆಂಡೆ ಮುಟ್ಟುವುದಿಲ್ಲ, ತಿಂಗಳುಗಟ್ಟಲೆ ಕಲ್ಲಿನ ಮೇಲೆ ಹುಣಸೆ ಕೋಲಿನಲ್ಲಿ ಬಡಿಯಬೇಕು. ಕೋಲಿನ ಭಾರಕ್ಕೆ ಮಣಿಕಟ್ಟು ಪಳಗಬೇಕು. ಅಣ್ಣನೂ ಅವನ ಗೆಳೆಯರೂ ದಿನಾ ಸಂಜೆ, ಸರಿಯಾಗಿ ಹೊಡೆದಾಟದ ಹೊತ್ತಿಗೆ, ನಮ್ಮ ಜಗಲಿಗೆ ಬರಬೇಕು ಎಂದು ಅಪ್ಪ ಹೇಳಿದರು. ಅಮ್ಮನ ತೊಡೆಯ ಮೇಲೆ ಮೊರದಂಥ ಬೀಡಿಯ ತಡಪೆ ಅಲುಗಿತು.

"ಹೊಡೆದಾಟ ಬಿಡಿಸ್ಲಿಕ್ಕೆ ಕೈಗೆ ಕೋಲು ಕೊಡುದಾ? ನಿಮ್ಮ ತಲೆ ಸರಿ ಉಂಟಾ?"

"ಕೋಲು ಅವರು ಹೇಗೂ ಹಿಡೀತಾರೆ ಮಾರಾಯ್ತಿ. ನಮ್ಮ ಜಗಲಿಯಲ್ಲಿ ಹಿಡೀಲಿ."

ಅಮ್ಮ ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ತನ್ನದೇ ಕಾನೂನು ಮಾಡಿದಳು. ಪಾಠ ಮುಗಿದ ಕೂಡಲೇ ಎಲ್ಲ ಕೋಲುಗಳೂ ಅವಳ ಕೈಗೆ ಬರಬೇಕು. ಅವಳು ಅವನ್ನು ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟು ಬೀಗ ಹಾಕುವಳು. ಒಂದೂ ಕೋಲು ಗೇಟು ದಾಟಬಾರದು. ಕೋಲು ಕೊಟ್ಟ ಹುಡುಗರಿಗೆ ಗಂಜಿ, ತೆಂಗಿನ ಚಟ್ನಿ, ಇದ್ದರೆ ಸುಟ್ಟ ಒಣಮೀನು. ಹಸಿದ ಹುಡುಗ ಕಟ್ಟೆಗೆ ಹೋಗುತ್ತಾನೆ, ಹೊಟ್ಟೆ ತುಂಬಿದವನು ಚಾಪೆಗೆ ಹೋಗುತ್ತಾನೆ ಎನ್ನುವುದು ಅವಳ ಲೆಕ್ಕ. ಅಪ್ಪನ ಪಾಠದಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ, ತನ್ನ ಗಂಜಿಯಲ್ಲಿ ಸ್ವಲ್ಪ ಇತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿ, ಎಲೆ ಕತ್ತರಿಸಲು ಕತ್ತರಿಯನ್ನೂ ತಗಡಿನ ಅಚ್ಚನ್ನೂ ಕೊಟ್ಟು, ಕೈ ಎಲೆಯ ಮೇಲಿರಲಿ, ಕಣ್ಣು ಅವರ ಮೇಲಿರಲಿ ಎಂದಳು. ಹುಡುಗಿಗೂ ಚೆಂಡೆ ಕಲಿಸಬಹುದು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗೆ ಸಿಕ್ಕಿದ ಪಾಠ ಅಮ್ಮನದ್ದು.

ಆ ಪಾಠವನ್ನು ನಾನು ಚೆನ್ನಾಗಿ ಕಲಿತೆ. ಯಾರು ಚಪ್ಪಲಿಯನ್ನು ಓಡಲು ಸುಲಭವಾಗುವಂತೆ ಹೊರಮುಖ ಮಾಡಿ ಬಿಡುತ್ತಾನೆ, ಯಾರು ಕಲ್ಲಿಗೆ ಬಡಿಯುತ್ತ ಗೇಟನ್ನೇ ನೋಡುತ್ತಾನೆ, ಯಾರ ಕಿಸೆ ಜೋತುಬಿದ್ದಿದೆ, ಎಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಹುಡುಗರು ತಕ್ಕಿಟ ತಕ್ಕಿಟ ಎಂದು ಬಾಯಲ್ಲಿ ಹೇಳುತ್ತ ಬಡಿಯುತ್ತಿದ್ದರು. ಮೊದಲು ಅದು ಯಾರೋ ಕಲ್ಲು ಒಡೆಯುವ ಹಾಗೆ ಕೇಳುತ್ತಿತ್ತು. ಇವರು ನಿಜವಾಗಿ ಕಲಿಯಲು ಬರುತ್ತಾರಾ, ಗಂಜಿಗೆ ಬರುತ್ತಾರಾ, ಅಥವಾ ಕಟ್ಟೆಯಲ್ಲಿ ಪೊಲೀಸರ ಕಣ್ಣಿಗೆ ಬೀಳುವ ಬದಲು ಇಲ್ಲಿ ಕೂತು ಮುಂದಿನದಕ್ಕೆ ಏರ್ಪಾಡು ಮಾಡುತ್ತಾರಾ ಎಂದು ಅಮ್ಮ ನನ್ನನ್ನೇ ಕೇಳುತ್ತಿದ್ದಳು. ಕಾಲು ಗುಣವಾದ ಮೇಲೆ ಉದಯನೂ ಕೆಲವು ದಿನ ಬಂದ. ಕಲ್ಲಿನ ಮುಂದೆ ಮಡಿಚಿ ಕೂರಲು ತೊಡೆ ನೋಯುತ್ತದೆ ಎಂದು ನಿಂತೇ ನೋಡುತ್ತಿದ್ದ, ಆಮೇಲೆ ಬರುವುದನ್ನೇ ಬಿಟ್ಟ. ಅವನು ಹೋದದ್ದು ಒಳ್ಳೆಯದಲ್ಲ ಎಂದು ಅಮ್ಮ ಅಂದೇ ಹೇಳಿದಳು.

ಇಷ್ಟಾಗುವಾಗ ಅಪ್ಪ ಎಲ್ಲಕ್ಕಿಂತ ದೊಡ್ಡ ಹುಚ್ಚು ಮಾಡಿದರು. ರೈಲು ಗೇಟು ದಾಟಿ ಪ್ರವೀಣನ ಮನೆಗೆ ಹೋಗಿ, ಅವನನ್ನೂ ಪಾಠಕ್ಕೆ ಕಳಿಸಲು ಅವನ ಅಮ್ಮ ಲಲಿತಕ್ಕನನ್ನು ಕೇಳಿದರು. ಚೂರಿ ಹಾಕಿದವನ ತಮ್ಮ. ನನ್ನ ಅಣ್ಣನದೇ ಪ್ರಾಯ, ತೆಳ್ಳಗೆ, ಕಣ್ಣಿಗೆ ಕಣ್ಣು ಕೊಡದವನು. ಲಲಿತಕ್ಕ ಯಾಕೆ ಒಪ್ಪಿದರೋ ನಮಗೆ ತಿಳಿಯಲಿಲ್ಲ. ಊರು ಬಿಟ್ಟ ದೊಡ್ಡ ಮಗನ ಜಾಗಕ್ಕೆ ಆಚೆಯ ಕ್ಲಬ್ಬಿನವರು ಇವನನ್ನು ಎಳೆಯುತ್ತಾರೆಂಬ ಹೆದರಿಕೆ ಎಂದು ಅಪ್ಪ ಹೇಳಿದರು. ಒಳಗಿನ ಸುದ್ದಿ ತಿಳಿಯಲು ಕಳಿಸಿದ್ದು ಎಂದು ಅಮ್ಮ ಹೇಳಿದಳು. ಪ್ರವೀಣ ಬಂದ ಮೊದಲ ಸಂಜೆ ಹುಡುಗರು ತಮ್ಮ ಕಲ್ಲುಗಳನ್ನು ಹತ್ತಿರ ಎಳೆದುಕೊಂಡರು. ಅಪ್ಪ ಅವನನ್ನು ಕರೆದುಕೊಂಡು ಹೋಗಿ ಅಣ್ಣನ ಕಲ್ಲಿಗೇ ಎದುರಾಗಿ ಕೂರಿಸಿದರು. ಒಂದೇ ಕಲ್ಲಿಗೆ ಇಬ್ಬರು, ನಾಲ್ಕು ಕೋಲು. ಒಬ್ಬನ ಪೆಟ್ಟು ಮುಗಿದು ಕೈ ಏಳುವಷ್ಟರಲ್ಲಿ ಇನ್ನೊಬ್ಬನ ಪೆಟ್ಟು ಬೀಳಬೇಕು. ಸ್ವಲ್ಪ ಹಿಂದೆ ಮುಂದೆ ಆದರೆ ಒಬ್ಬನ ಕೋಲು ಇನ್ನೊಬ್ಬನ ಬೆರಳಿನ ಗಂಟಿಗೆ ಬೀಳುತ್ತದೆ.

"ಇದೆಂತ ಅಪ್ಪ, ಬೇರೆ ಕಲ್ಲು ಉಂಟಲ್ಲ," ಎಂದ ಅಣ್ಣ.

"ಉಂಟು. ನಿನಗೆ ಇದೇ."

ಆ ಮೇಲಿನ ದಿನಗಳು ನನಗೆ ಹಬ್ಬದ ಹಾಗೆ ಇದ್ದವು, ನೋಡಲು ಅಷ್ಟಿತ್ತು. ಪ್ರವೀಣನ ಬೆರಳುಗಳಿಗೆ ಪೆಟ್ಟು ಬೀಳುತ್ತಲೇ ಇತ್ತು. ತಪ್ಪಿ ಬಿದ್ದದ್ದೋ, ಬೇಕೆಂದೇ ಹಾಕಿದ್ದೋ? ಅಣ್ಣ ಪ್ರತಿ ಸಲವೂ ತಾಳ ತಪ್ಪಿತು ಎನ್ನುತ್ತಿದ್ದ. ಅಪ್ಪ ಬೇರೆಯವರಿಗೆ ತೋರಿಸಲು ಬೆನ್ನು ತಿರುಗಿಸಿದಾಗಲೇ ಅವನ ತಾಳ ಹೆಚ್ಚು ತಪ್ಪುತ್ತಿತ್ತು ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅಣ್ಣನನ್ನು ಬೈಯಲಿಲ್ಲ, ಇನ್ನೂ ನೋಡುತ್ತಿರು ಎಂದಳು. ನನಗೆ ಹೆಚ್ಚು ಸಂಶಯ ಬಂದದ್ದು ಪ್ರವೀಣನ ಮೇಲೆ. ಪೆಟ್ಟು ಬಿದ್ದರೂ ಅವನು ಕೈ ಹಿಂದೆಗೆಯುತ್ತಿರಲಿಲ್ಲ. ಚರ್ಮ ಸುಲಿದ ಗಂಟುಗಳಿಗೆ ಅರಸಿನ ಹಚ್ಚಿಕೊಂಡು ಮರುದಿನ ಮತ್ತೆ ಅಲ್ಲೇ ಬಂದು ಕೂರುತ್ತಿದ್ದ. ಇಷ್ಟು ತಾಳಿಕೊಳ್ಳುವವನು ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿರಬೇಕು ಎಂದು ನಾನು ನಿರ್ಧರಿಸಿದೆ. ಒಂದು ಸಂಜೆ ಅವನ ಕೋಲೂ ಅಣ್ಣನ ಹೆಬ್ಬೆರಳಿಗೆ ಬಿತ್ತು. ಇಬ್ಬರೂ ನಿಲ್ಲಿಸಿದರು. ಅಪ್ಪ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈಯನ್ನು ನೋಡಿ ಹೊಡೆಯಬೇಡಿ, ಎದುರಿನವನ ಪೆಟ್ಟನ್ನು ಕೇಳಿ ಹೊಡೆಯಿರಿ ಎಂದಷ್ಟೇ ಹೇಳಿ, ಬಾಯಲ್ಲಿ ತಕ್ಕಿಟ ಹಿಡಿದರು. ಅವರು ಮತ್ತೆ ಶುರು ಮಾಡುವವರೆಗೆ ಬಿಡದೆ ಹೇಳುತ್ತಲೇ ಇದ್ದರು.

ಯಾವಾಗ ಸರಿಯಾಯಿತೋ ಗೊತ್ತಿಲ್ಲ. ಒಂದು ದಿನ ಅಡಿಗೆಮನೆಯಲ್ಲಿ ಗಂಜಿ ಬಗ್ಗಿಸುತ್ತಿದ್ದಾಗ ಹೊರಗಿನಿಂದ ಒಂದೇ ಕೈ ಬಡಿಯುವ ಹಾಗೆ ಕೇಳಿಸಿತು. ಬಂದು ನೋಡಿದರೆ ಬಡಿಯುತ್ತಿದ್ದವರು ಇಬ್ಬರು. ಅಣ್ಣನ ಕುತ್ತಿಗೆಯಲ್ಲಿ ಬೆವರು, ಪ್ರವೀಣನ ಕಣ್ಣು ಮುಚ್ಚಿತ್ತು. ನನಗೆ ಖುಷಿಯಾಯಿತು, ಅಳು ಬರುವಷ್ಟು ಖುಷಿ. ಆ ಹೊತ್ತಿಗೆ ನಾನೂ ಅದೇ ತಾಳದಲ್ಲಿ ಕತ್ತರಿ ಆಡಿಸುತ್ತಿದ್ದೆ, ಎಲೆಗಳು ಹಾಳಾಗಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ. ಇವರು ಇಷ್ಟು ಬೇಗ ಒಂದಾಗಲಿಕ್ಕಿಲ್ಲ ಎಂದು ಅಮ್ಮ ಹೇಳಿದಾಗ ನನಗೂ ಹೌದೆನಿಸಿತು. ಕಲ್ಲಿನ ಮುಂದೆ ಕೂತಷ್ಟು ಹೊತ್ತು ಮಾತ್ರ ಒಂದು. ಎದ್ದ ಮೇಲೆ ಅವರು ಒಬ್ಬರಿಗೊಬ್ಬರು ಒಂದು ಮಾತೂ ಆಡುತ್ತಿರಲಿಲ್ಲ, ಗಂಜಿಯ ಬಟ್ಟಲು ಹಿಡಿದು ಜಗಲಿಯ ಎರಡು ತುದಿಗಳಲ್ಲಿ ಕೂರುತ್ತಿದ್ದರು.

ಅಪ್ಪ ನೆಕ್ರಾಜೆ ಕಡೆ ಒಂದು ಪೂಜೆಗೆ ಚೆಂಡೆ ನುಡಿಸಲು ಹೋಗಿದ್ದ ದಿನ. ಸಂಜೆ ಬಸ್ಸು ಬಂದು ಹೋಯಿತು, ಹುಡುಗರು ಬರಲಿಲ್ಲ. ಅಣ್ಣ ಒಬ್ಬನೇ ಕಲ್ಲಿನ ಮುಂದೆ ಕೂತ. ಸ್ವಲ್ಪ ಹೊತ್ತಿನಲ್ಲಿ ಪ್ರವೀಣ ಬಂದ. ಉಳಿದವರಿಗೆ ಬರಬೇಡಿ ಎಂದು ಯಾರೋ ಹೇಳಿದ್ದಾರೆ, ಇವನಿಗೆ ಹೇಳಿಲ್ಲ ಎಂದು ಅಮ್ಮ ಬೀಡಿಗೆ ನೂಲು ಸುತ್ತುತ್ತ ನನ್ನ ಕಿವಿಯಲ್ಲಿ ಹೇಳಿದಳು. ಅಣ್ಣನಿಗೆ ಹೇಳಿದ್ದಾರಾ ಎಂದು ನಾನು ಕೇಳಿದೆ. ಅವಳು ನೂಲು ಕಡಿದು ಗೇಟಿನ ಕಡೆ ನೋಡಿದಳು. ಅಷ್ಟರಲ್ಲಿ ಉದಯ, ಅವನ ಹಿಂದೆ ನಾಲ್ಕೈದು ಜನ ಗೇಟಿಗೆ ಬಂದರು. ಹಿಂದಿನ ದಿನ ಕಟ್ಟೆಯ ಮೇಲಿನ ಈಚೆಯ ಕ್ಲಬ್ಬಿನ ಹೆಸರಿಗೆ ಮತ್ತೆ ಯಾರೋ ಟಾರು ಬಳಿದಿದ್ದರಂತೆ. ಉದಯ ಗೇಟು ತೆರೆಯಲಿಲ್ಲ, ಅಮ್ಮನ ಮೇಲೆ ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದ.

"ಹರೀಶಾ, ಅವನನ್ನು ಹೊರಗೆ ಕಳಿಸು. ನೀನು ಎಂತ ಮಾಡುದೂ ಬೇಡ. ಕಳಿಸಿದ್ರೆ ಸಾಕು."

ಅಣ್ಣ ಎದ್ದು ನಿಂತ. ಕೋಲು ಕೈಯಲ್ಲೇ ಇತ್ತು. ಪ್ರವೀಣ ಏಳಲಿಲ್ಲ, ತಲೆ ಎತ್ತಲೂ ಇಲ್ಲ. ತನ್ನ ಪೆಟ್ಟುಗಳನ್ನು ಹಾಕುತ್ತ, ಅಣ್ಣನ ಪೆಟ್ಟು ಬೀಳಬೇಕಾದಲ್ಲಿ ಜಾಗ ಬಿಟ್ಟು, ಮತ್ತೆ ತನ್ನದನ್ನು ಹಾಕುತ್ತಿದ್ದ. ತಾಳ ಒಂದು ಸಲವೂ ತಪ್ಪಲಿಲ್ಲ. ಅಣ್ಣನ ಮುಖ ನೋಡಿದೆ. ಅಷ್ಟು ದಿನ ಎಲ್ಲರ ಮುಖ ಓದಿ ಹೇಳುತ್ತಿದ್ದ ನನಗೆ ನನ್ನ ಮನೆಯವನದ್ದೇ ಮುಖ ಓದಲಾಗಲಿಲ್ಲ. ಅಮ್ಮ ತಡಪೆಯನ್ನು ತೊಡೆಯಿಂದ ಸರಿಸಿದ ರಭಸಕ್ಕೆ ಹೊಗೆಸೊಪ್ಪಿನ ಹುಡಿ ಜಗಲಿಯಿಡೀ ಚೆಲ್ಲಿತು. ಅವಳು ಗೇಟಿನ ಕಡೆ ಹೋಗಲಿಲ್ಲ. ಅಣ್ಣನ ಎದುರು ನಿಂತು ಕೈ ಚಾಚಿದಳು.

"ಹೋಗುದಾದ್ರೆ ಹೋಗು. ಕೋಲು ಕೊಟ್ಟು ಹೋಗು."

ಅಣ್ಣ ಅವಳ ಕೈ ನೋಡಿದ, ಗೇಟು ನೋಡಿದ. ಕೋಲು ಕೊಡಲಿಲ್ಲ. ಕೂತುಬಿಟ್ಟ. ಅವನು ಶುರು ಮಾಡಿದ ಮೊದಲ ಪೆಟ್ಟುಗಳೆಲ್ಲ ತಪ್ಪು, ಒಂದು ಪ್ರವೀಣನ ಬೆರಳಿಗೇ ಬಿತ್ತು. ಆಮೇಲೆ ಸೇರಿತು. ಗೇಟಿನಲ್ಲಿ ನಿಂತವರು ಬೈದರು, ಕೂಗಿದರು. ಒಂದು ಕಲ್ಲು ಮಾಡಿನ ಹಂಚಿಗೆ ಬಿದ್ದು ಉರುಳಿತು. ಇವರು ನಿಲ್ಲಿಸಲಿಲ್ಲ. ಅಣ್ಣ ಕೂತದ್ದು ಗೆಳೆತನದಿಂದಲೋ, ಅಮ್ಮನ ಎದುರು ನಾಚಿಕೆಯಿಂದಲೋ, ಏನು ಮಾಡಬೇಕೆಂದು ತಿಳಿಯದೆ ಕೈಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಹಿಂತಿರುಗಿದ್ದೋ, ಅವನನ್ನು ಕೇಳಿದರೆ ಈಗಲೂ ನಗುತ್ತಾನೆಯೇ ಹೊರತು ಹೇಳುವುದಿಲ್ಲ. ಕೊನೆಗೆ ಗೇಟು ಖಾಲಿಯಾಯಿತು. ಆದರೆ ಅವರು ಮನೆಗೆ ಹೋಗಲಿಲ್ಲ, ಬಸ್ಸಿನ ಕಟ್ಟೆಯಲ್ಲಿ ಕೂತರು. ಪ್ರವೀಣನ ಮನೆಗೆ ದಾರಿ ಕಟ್ಟೆಯನ್ನು ದಾಟಿಯೇ.

ಅಮ್ಮ ಇಬ್ಬರಿಗೂ ಗಂಜಿ ಬಡಿಸಿದಳು. ಪ್ರವೀಣ ಎರಡು ತುತ್ತು ಉಂಡು ಬಟ್ಟಲನ್ನೇ ನೋಡುತ್ತ ಕೂತ. ಆಗ ಅಣ್ಣ ಅವನ ಹತ್ತಿರ ಹೋಗಿ, ನಾನು ಬಿಟ್ಟು ಬರುತ್ತೇನೆ ಎಂದ. ಅವನೊಡನೆ ಅಣ್ಣ ತಾನಾಗಿ ಆಡಿದ ಮೊದಲ ಮಾತು ಅದು. ಅಪ್ಪ ಇದ್ದಿದ್ದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಮ್ಮ ಅಣ್ಣನನ್ನು ಮೇಲಿನಿಂದ ಕೆಳಗೆ ನೋಡಿ, ಬೇಡ ಎಂದಳು. ಟಾರ್ಚ್ ತೆಗೆದುಕೊಂಡಳು, ಹೆಗಲಿಗೆ ತೋರ್ತು ಬಟ್ಟೆ ಹಾಕಿಕೊಂಡಳು, ನನ್ನ ಕೈ ಹಿಡಿದಳು, ಪ್ರವೀಣನನ್ನು ಮುಂದೆ ಬಿಟ್ಟುಕೊಂಡು ನಡೆದಳು. ಕಟ್ಟೆ ಬಂದಾಗ ಟಾರ್ಚನ್ನು ಒಬ್ಬೊಬ್ಬನ ಮುಖಕ್ಕೂ ಹಿಡಿದು ಹೆಸರು ಹಿಡಿದು ಕರೆದಳು, ಅವರವರ ಅಮ್ಮನ ಸೌಖ್ಯ ಕೇಳಿದಳು. ಉದಯನ ಕಾಲು ಹೇಗುಂಟೆಂದು ಕೇಳಿದಳು. ಆಗುತ್ತದೆ ಸುಮತಿಯಕ್ಕ ಎಂದು ಅವನು ನೆಲ ನೋಡಿ ಹೇಳಿದ. ಯಾರೂ ಏಳಲಿಲ್ಲ. ರೈಲು ಗೇಟು ದಾಟುವಾಗ ನಾನು ತಿರುಗಿ ನೋಡಿದೆ. ದೂರದಲ್ಲಿ ಅಣ್ಣ ನಮ್ಮ ಹಿಂದೆಯೇ ಬರುತ್ತಿದ್ದ.

ಲಲಿತಕ್ಕ ಗೇಟಿನ ಒಳಗೆ ನಿಂತು ಕಾಯುತ್ತಿದ್ದರು. ಮಗನನ್ನು ಒಳಗೆ ಎಳೆದುಕೊಂಡು, ಅವನ ಎರಡು ಕೈಗಳನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬೆರಳಿನ ಹೊಸ ಗಾಯ ಕಂಡಿತು. ನಮಗೆ ಬನ್ನಿ ಎನ್ನಲಿಲ್ಲ. ಗೇಟಿನ ಅಗುಳಿಯ ಮೇಲೆ ಕೈ ಇಟ್ಟೇ ಅಮ್ಮನನ್ನು ಕೇಳಿದರು.

"ನೀವು ಎಂತಕ್ಕೆ ಬಂದದ್ದು? ಹರೀಶನನ್ನು ಕಳಿಸ್ಬಹುದಿತ್ತಲ್ಲ."

"ಅವನ ಮೇಲೆ ನನಗೆ ನಂಬಿಕೆ ಇಲ್ಲ."

ಅಣ್ಣ ಆಗ ಲೈಟು ಕಂಬದ ಹತ್ತಿರ ಬಂದು ನಿಂತಿದ್ದ. ಅವನಿಗೆ ಕೇಳಿಸಿತು. ಅವನಿಗೆ ಕೇಳಿಸಿತೆಂದು ಅಮ್ಮನಿಗೂ ಗೊತ್ತಿತ್ತು. ಲಲಿತಕ್ಕ ಅವನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದರು. ಆಮೇಲೆ ಅಗುಳಿಯಿಂದ ಕೈ ತೆಗೆದರು.

"ಹಾಗಾದ್ರೆ ನಾಳೆಯೂ ಕಳಿಸ್ತೇನೆ," ಎಂದರು.

ಹಿಂತಿರುಗುವಾಗ ರೈಲು ಗೇಟು ಹಾಕಿತ್ತು. ಗಾಡಿ ಬರುವುದನ್ನು ಕಾಯುತ್ತ ಮೂವರೂ ನಿಂತೆವು. ಅಣ್ಣ ಅಮ್ಮನ ಕಡೆ ತಿರುಗಿದ.

"ನಾನು ಅವನನ್ನು ಅವರಿಗೆ ಕೊಡ್ತಿದ್ದೆ ಅಂತ ಎಣಿಸಿದ್ದಾ ನೀನು?"

"ನನಗೆ ಗೊತ್ತಿಲ್ಲ. ನಿನಗೆ ಗೊತ್ತುಂಟಾ?"

ಗಾಡಿ ಬಂತು. ಗೇಟು ಏಳುತ್ತಲೇ ಅಣ್ಣ ನಮ್ಮಿಬ್ಬರನ್ನು ಬಿಟ್ಟು ಮುಂದೆ ನಡೆದ. ಮರುದಿನ ಪಾಠ ಮುಗಿದ ಕೂಡಲೇ ಅವನು ಕೋಲನ್ನು ಅಮ್ಮನ ಕೈಗೆ ಕೊಟ್ಟು, ಯಾರ ಅಪ್ಪಣೆಯನ್ನೂ ಕೇಳದೆ ಪ್ರವೀಣನ ಜೊತೆ ಹೊರಟ. ಇಬ್ಬರೂ ಅಕ್ಕಪಕ್ಕದಲ್ಲಿ ಕಟ್ಟೆಯ ಕಡೆಗೆ ನಡೆದರು. ಅಪ್ಪ ನೋಡಿದೆಯಾ ಎನ್ನುವ ಹಾಗೆ ಅಮ್ಮನ ಮುಖ ನೋಡಿದರು. ಅಮ್ಮ ಟ್ರಂಕಿಗೆ ಬೀಗ ಹಾಕಿ ಬಂದಳು, ಟಾರ್ಚ್ ತೆಗೆದುಕೊಂಡಳು, ಅದನ್ನು ಉರಿಸದೆ ಅವರ ಹಿಂದೆಯೇ ಹೋದಳು.